ಕಾಲಿಲ್ಲದ ಕನ್ನಡಿ

ಬೆಳಿಗ್ಗೆ ಹಾಸಿಗೆ ಬಿಟ್ಟು ನೆಲಕ್ಕೆ ಕಾಲಿಡುವುದು ಎಲ್ಲರೂ ಯೋಚಿಸದೆ ಮಾಡುವ ಕೆಲಸ. ನಾನು ಯೋಚಿಸಿ ಮಾಡುತ್ತಿದ್ದೆ. ಮಂಚದ ಅಂಚಿನಲ್ಲಿ ಕೂತು ನನ್ನ ಬಲಗಾಲಿನ ಜೊತೆ ನಾನೇ ಚೌಕಾಸಿಗಿಳಿಯುತ್ತಿದ್ದೆ. ಇಟ್ಟ ಕೂಡಲೇ ಹಿಮ್ಮಡಿಯ ಒಳಬದಿಗೆ ಯಾರೋ ಮೊಳೆ ಹೊಡೆದ ಹಾಗೆ ನೋವು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಹಲ್ಲುಜ್ಜುವಷ್ಟರಲ್ಲಿ ಅದು ತಣ್ಣಗಾಗುತ್ತಿತ್ತು. ಪರವಾಗಿಲ್ಲ, ನೋವಿಗೂ ಸ್ವಲ್ಪ ನಾಚಿಕೆ ಇದೆ ಅಂದುಕೊಳ್ಳುತ್ತಿದ್ದೆ. ಸಂಜೆಗೆ ಅದು ನಾಚಿಕೆ ಬಿಟ್ಟು ವಾಪಸ್ಸು ಬರುತ್ತಿತ್ತು.

ನನ್ನದು ನಿಂತು ದುಡಿಯುವ ಕಸುಬು. ಎರಡು ಕುರ್ಚಿಯ ಕಟಿಂಗ್ ಶಾಪು; ಅಪ್ಪ ಕಟ್ಟಿದ್ದು, ನಾನು ನಡೆಸುತ್ತಿರುವುದು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬರುತ್ತಾರೆ. ನನ್ನ ಕತ್ತರಿಗಿಂತ ನಾಲಗೆ ಹರಿತ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹಾಗೆ ಹೇಳಿಕೊಂಡೂ ಬಂದು ತಲೆ ಕೊಡುತ್ತಾರೆ, ಅಂದಮೇಲೆ ಕತ್ತರಿಯೂ ಪರವಾಗಿಲ್ಲ ಅಂತಲೇ ಅರ್ಥ.

ಅಪ್ಪ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಾನೆ. ಬೀದಿಯಲ್ಲಿ ಅವನ ಹೆಸರು ಬೆಂಚಿನ ಯಜಮಾನರು. ನಾನು ಇನ್ನೂ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವನಿಗೂ ಇದೇ ಹಿಮ್ಮಡಿ ನೋವು ಬಂದಿತ್ತು. ಒಂದು ದಿನ ಕುಂಟುತ್ತ ಬಂದು ಬೆಂಚಿನ ಮೇಲೆ ಕೂತವನು ಕತ್ತರಿಯನ್ನು ನನ್ನ ಕೈಗೆ ಕೊಟ್ಟ. ಆಮೇಲೆ ಕುರ್ಚಿಯ ಹಿಂದೆ ನಿಲ್ಲಲೇ ಇಲ್ಲ. ಕೋಲೂರಿಕೊಂಡು ಬರುವುದು, ಪೇಪರ್ ಓದುವುದು, "ಎಡಗಡೆ ಇನ್ನೊಂಚೂರು ತೆಗಿ" ಎಂದು ಕೂತಲ್ಲಿಂದಲೇ ತೀರ್ಪು ಕೊಡುವುದು, ಕೋಲೂರಿಕೊಂಡು ಮನೆಗೆ ಹೋಗುವುದು. ಅವನ ಪಕ್ಕ ನಡೆಯುವಾಗ ನಾನೂ ನಿಧಾನಕ್ಕೆ ಹೆಜ್ಜೆ ಹಾಕುತ್ತಿದ್ದೆ. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಒಬ್ಬಳೇ ಹೋಗುವಾಗಲೂ ನಿಧಾನಕ್ಕೇ ಹೋಗುತ್ತಿದ್ದೆ.

ನಮ್ಮ ಅಂಗಡಿಯ ದೊಡ್ಡ ಕನ್ನಡಿ ಸಾಮಾನಿಡುವ ಕಟ್ಟೆಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ತಲೆ, ಭುಜ, ನನ್ನ ಕೈ, ಇಷ್ಟು ಕಂಡರೆ ಕೆಲಸ ಸಾಗುತ್ತದೆ. ಕನ್ನಡಿಯ ಅಂಚಿನಲ್ಲಿ ಅಪ್ಪ ಯಾವುದೋ ಕಾಲದಲ್ಲಿ ಕೊರೆದ ಒಂದು ಗೀಟಿದೆ. ಅವನು ನನಗೆ ಕಲಿಸಿದ ಮೊದಲ ಪಾಠ ಕತ್ತರಿಯದ್ದಲ್ಲ, ಆ ಗೀಟಿನದು. "ಗಿರಾಕಿ ಕಿವಿ ಗೀಟಿಗೆ ಬರೋವರೆಗೂ ಕುರ್ಚಿ ಏರಿಸ್ಬೇಕು. ಆಮೇಲೇ ಕತ್ತರಿ" ಅಂದಿದ್ದ. ಅಂದಿನಿಂದ ಪೆಡಲು ತುಳಿಯುವುದು, ಕಿವಿ ಗೀಟಿಗೆ ಬರುವುದು, ಕತ್ತರಿ ಎತ್ತುವುದು. ದೇವರನ್ನು ಮರೆತ ದಿನ ಇರಬಹುದು, ಗೀಟನ್ನು ಮರೆತದ್ದಿಲ್ಲ.

ಕಾಲು ನೋವು ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಕೂತವರೆಲ್ಲ ವೈದ್ಯರಾದರು. ಒಬ್ಬರು ಬಿಸಿ ಇಟ್ಟಿಗೆ ಮೇಲೆ ನಿಲ್ಲಿ ಅಂದರು, ಒಬ್ಬರು ಬರಿಗಾಲಲ್ಲಿ ಕಲ್ಲಿನ ಮೇಲೆ ಓಡಿ ಅಂದರು. ನಿವೃತ್ತ ಮೇಷ್ಟ್ರು, ಹೊಟ್ಟೆ ಅಡ್ಡ ಬಂದು ತಮ್ಮ ಕಾಲನ್ನು ತಾವೇ ನೋಡಿ ಯಾವ ಕಾಲವಾಯಿತೋ, ನನಗೆ ತೂಕ ಇಳಿಸಲು ಹೇಳಿದರು. ಅವತ್ತು ಅವರ ಮೀಸೆ ಒಂದು ಬದಿ ಸ್ವಲ್ಪ ಗಿಡ್ಡವಾಯಿತು. ನಾನು ಬೇಕೆಂದೇ ಮಾಡಿದ್ದಲ್ಲ, ಬೇಡ ಎಂದೂ ಮಾಡಿದ್ದಲ್ಲ.

ಕೊನೆಗೆ ಎಕ್ಸ್‌ರೇ ತೆಗೆಸಿದೆ. ಹಿಮ್ಮಡಿಯ ಅಡಿಯಲ್ಲಿ ಸಣ್ಣ ಮುಳ್ಳಿನಂಥದ್ದು ಕಂಡಿತು. "ಮೂಳೆ ಬೆಳೆದಿದೆ" ಅಂದರು ಅಲ್ಲಿದ್ದವರು, ಅಷ್ಟೇ ಹೇಳಿ ಮುಂದಿನವರನ್ನು ಕರೆದರು. ಅಂಗಡಿಗೆ ತಂದು ಅಪ್ಪನ ಮುಂದೆ ಹಿಡಿದೆ.

"ನಿಂಗೂ ಹೀಗೇ ಇತ್ತಲ್ವಾ?"

"ಇತ್ತು" ಅಂದ ಅಪ್ಪ.

"ನಿಂಗೆ ಹೋಗ್ಲಿಲ್ಲ. ಇನ್ನು ನಂಗೆ ಹೋಗುತ್ತಾ?"

ಅಪ್ಪ ಕೋಲನ್ನು ಬೆಂಚಿನ ಈ ಕಡೆಯಿಂದ ತೆಗೆದು ಆ ಕಡೆಗೆ ಒರಗಿಸಿಟ್ಟ.

ನಮ್ಮ ಪಕ್ಕದ್ದು ಕನ್ನಡಕದ ಅಂಗಡಿ. ನಡುವಿನ ಗೋಡೆ ಒಡೆದು ನಮ್ಮ ಜಾಗವನ್ನೂ ಸೇರಿಸಿಕೊಳ್ಳಬೇಕೆಂದು ಅದರ ಯಜಮಾನರಿಗೆ ಬಹಳ ದಿನದ ಆಸೆ. ಕೇಳಿದಾಗಲೆಲ್ಲ ಅವರನ್ನು ತಮಾಷೆ ಮಾಡಿ ಕಳಿಸುತ್ತಿದ್ದೆ. ಈ ಸಲ ಅವರು, "ಯಾಕಮ್ಮಾ ಇಷ್ಟು ಕಷ್ಟ ಪಡ್ತೀರಿ, ಮನೇಲಿ ಆರಾಮಾಗಿರಿ" ಅಂದಾಗ ತಮಾಷೆ ಬಾಯಿಗೆ ಬರಲಿಲ್ಲ. ತಿಂಗಳ ಕೊನೆಗೆ ಹೇಳ್ತೀನಿ ಅಂದುಬಿಟ್ಟೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಬೇರೆ ಕೆಲಸ ಬೇಕಾಗಿಯೂ ಇಲ್ಲ. ಆದರೆ ನಿಲ್ಲಲಾಗದ ಮೇಲೆ ಈ ಕಸುಬಿನಲ್ಲಿ ಏನು ಮಾಡುವುದು? ಅಪ್ಪನ ಪಕ್ಕ ಹೋಗಿ ಕೂರುವುದೇ? ಇರುವುದು ಒಂದು ಬೆಂಚು. ಯಜಮಾನರು ಇಬ್ಬರಾದರೆ ಗಿರಾಕಿಗಳು ಎಲ್ಲಿ ಕೂರಬೇಕು?

ಹೀಗಿರುವಾಗ ಒಂದು ಮಧ್ಯಾಹ್ನ ಹಿಂದಿನ ಬೀದಿಯ ಫಿಸಿಯೋ ಡಾಕ್ಟರಮ್ಮ ಕೂದಲು ಗಿಡ್ಡ ಮಾಡಿಸಿಕೊಳ್ಳಲು ಬಂದಳು. ಮಾತು ಕಡಿಮೆ, ಕಣ್ಣು ಚುರುಕು. ಎಡಬದಿ ಮುಗಿಸಿ ಬಲಬದಿಗೆ ಬರುವಾಗ ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದಳು.

"ಯಾವ ಕಾಲು ನೋವು?"

"ಯಾರು ಹೇಳಿದ್ರು ನೋವು ಅಂತ?"

"ನನ್ನ ಭುಜ ಹೇಳ್ತು. ಆಗ್ಲಿಂದ ಅದರ ಮೇಲೆ ಭಾರ ಬಿಟ್ಕೊಂಡು ನಿಂತಿದ್ದೀರಿ. ಬೆಳಿಗ್ಗೆ ಮೊದಲ್ನೇ ಹೆಜ್ಜೇಗೇ ಜಾಸ್ತಿ ಅಲ್ವಾ?"

ನಾನು ಹೂಂ ಅಂದದ್ದೇ ತಡ, ಅವಳು ಕುತ್ತಿಗೆಗೆ ಕಟ್ಟಿದ್ದ ಬಟ್ಟೆ ಸಮೇತ ಕುರ್ಚಿಯಿಂದ ಇಳಿದಳು. ಅರ್ಧ ತಲೆ ಗಿಡ್ಡ, ಅರ್ಧ ತಲೆ ಉದ್ದ. ಹಾಗೇ ನನ್ನನ್ನು ಕೂರಿಸಿ, ಎದುರು ಮಂಡಿಯೂರಿ, ಹಿಮ್ಮಡಿಯ ಒಳಬದಿಗೆ ಹೆಬ್ಬೆರಳಿಟ್ಟು ಒತ್ತಿದಳು. ನಾನು ಹಾಕಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಇಣುಕಿದರು. ಯಾರದ್ದೋ ಕಿವಿ ಹೋಯಿತು ಅಂದುಕೊಂಡಿರಬೇಕು.

"ಇಲ್ಲೇ" ಅಂದಳು ಸಮಾಧಾನವಾಗಿ. "ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೂ ಒಂದು ದಪ್ಪ ಪಟ್ಟಿ ಇರುತ್ತೆ. ಅಂಗಾಲಿನ ಕಮಾನು ಬಿಲ್ಲು ಅಂದ್ಕೊಂಡ್ರೆ ಇದು ಅದರ ಹೆದೆ. ದಿನವೆಲ್ಲ ಎಳೆದೂ ಎಳೆದೂ, ಅದು ಹಿಮ್ಮಡಿಗೆ ಅಂಟಿರೋ ಜಾಗ ಘಾಸಿಯಾಗಿದೆ. ಮಲಗಿದಾಗ ಮುದುಡಿಕೊಳ್ಳುತ್ತೆ. ಬೆಳಿಗ್ಗೆ ಒಂದೇ ಸಲಕ್ಕೆ ಮೈಭಾರ ಬಿಟ್ರೆ ಕಿರುಚುತ್ತೆ."

"ಮೂಳೆ ಬೆಳೆದಿದೆಯಂತೆ?"

"ಆ ಮುಳ್ಳು ಎಷ್ಟೋ ಜನಕ್ಕೆ ಇರುತ್ತೆ, ಅವರಿಗೆ ನೋವೇ ಇರಲ್ಲ. ನಿಮ್ಮ ನೋವು ಪಟ್ಟೀದು. ಹೆಚ್ಚಿನವರಿಗೆ ಹೋಗುತ್ತೆ. ವಾರದಲ್ಲಿ ಹೋಗಲ್ಲ, ತಿಂಗಳುಗಟ್ಟಲೆ ಹಿಡಿಯುತ್ತೆ. ದಿನಾ ಕಾಲಿಗೆ ಬುದ್ಧಿ ಹೇಳ್ತಾ ಇರ್ಬೇಕು."

"ನಾನೂ ಅದೇ ಅಂದ್ಕೊಂಡಿದ್ದೀನಿ. ತಿಂಗಳ ಕೊನೆಗೆ ಕಾಲಿಗೆ ಬುದ್ಧಿ ಹೇಳಿ ಈ ಅಂಗಡಿಯಿಂದ ಓಡೋದು ಅಂತ."

"ಆ ಬುದ್ಧಿ ಅಲ್ಲಮ್ಮ. ಓಡೋ ಬುದ್ಧಿ ಎಲ್ಲಾ ಕಾಲಿಗೂ ಇದೆ. ನಿಲ್ಲೋ ಬುದ್ಧಿ ಹೇಳ್ಕೊಡಿ."

ಆಮೇಲೆ ಹೇಳಿಕೊಟ್ಟಳು. ಹಾಸಿಗೆಯಿಂದ ಇಳಿಯುವ ಮೊದಲೇ ಅಂಗಾಲಿಗೆ ಬಟ್ಟೆಯದೋ ಚರ್ಮದ್ದೋ ಒಂದು ಪಟ್ಟಿ ಹಾಕಿ ಕಾಲ್ಬೆರಳುಗಳನ್ನು ನನ್ನ ಕಡೆಗೆ ಎಳೆದು ಹಿಡಿಯಬೇಕು. ಗೋಡೆಗೆ ಕೈಕೊಟ್ಟು ನಿಂತು ಮೀನಖಂಡವನ್ನು ಹಿಗ್ಗಿಸಬೇಕು, ಯಾಕೆಂದರೆ ಮೀನಖಂಡ ಬಿಗಿಯಾದರೆ ಅದು ಹಿಮ್ಮಡಿಯನ್ನು ಮೇಲಕ್ಕೆ ಜಗ್ಗುತ್ತದೆ. ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು ನಿಧಾನಕ್ಕೆ ಹಿಮ್ಮಡಿ ಎತ್ತಿ ಇಳಿಸಬೇಕು. ನೋವು ಜೋರಾದಾಗ ತಣ್ಣೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸಬೇಕು. ನನ್ನ ಸವೆದ ರಬ್ಬರ್ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿ ಹಿಡಿದ ಹಾಗೆ ದೂರ ಹಿಡಿದಳು.

"ಇದೇನಿದು?"

"ಶೂ ಹಾಕಿದ್ರೆ ಕತ್ತರಿಸಿದ ಕೂದಲೆಲ್ಲ ಒಳಗೆ ಹೋಗಿ ಚುಚ್ಚುತ್ತೆ."

"ಚುಚ್ಚಲಿ, ಸಂಜೆ ಒದರಿ. ಮೆತ್ತಗಿರೋ ಹಿಮ್ಮಡಿಯ ಶೂ ತಗೊಳ್ಳಿ."

ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. "ಇದೆಲ್ಲ ಸರಿ ಡಾಕ್ಟ್ರೇ. ನಮ್ಮಪ್ಪಂಗೂ ಇದೇ ನೋವು. ಇಷ್ಟು ವರ್ಷ ಆಯ್ತು, ಹೋಗ್ಲಿಲ್ಲ."

ಅವಳು ಬೆಂಚಿನ ಕಡೆ ತಿರುಗಿದಳು. "ಹೌದಾ? ತೋರಿಸಿ ಯಜಮಾನ್ರೇ."

ಅಪ್ಪ ಎರಡೂ ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡ. "ನಂದು ಹಳೇದು ಬಿಡಮ್ಮ. ನೀನು ಮೊದ್ಲು ಉಳಿದರ್ಧ ತಲೆ ಮುಗಿಸ್ಕೋ." ಎಲ್ಲರೂ ನಕ್ಕರು, ಆ ಮಾತು ಅಲ್ಲಿಗೇ ನಿಂತಿತು.

ಹೋಗುವ ಮುಂಚೆ ಡಾಕ್ಟರಮ್ಮ ಬಾಗಿಲಲ್ಲಿ ತಿರುಗಿ, "ಕೆಲಸ ಮಾಡುವಾಗ ಕಾಲು ಹೇಗಿಡ್ತೀರಿ ಅಂತ ಒಂದ್ಸಲ ನೋಡ್ಕೊಳ್ಳಿ" ಅಂದಳು.

"ಹೇಗೆ ನೋಡ್ಲಿ? ನಮ್ಮ ಕನ್ನಡಿಗೆ ಕಾಲಿಲ್ಲ."

"ಇನ್ನೊಂದು ಇಡಿ. ಕನ್ನಡಿಗೇನು ಬರಗಾಲಾನಾ ನಿಮ್ಮಂಗಡೀಲಿ?"

ಹಿಂದಿನ ಕೋಣೆಯಲ್ಲಿ ಮೂಲೆ ಸೀಳಿದ ಹಳೆಯ ಕನ್ನಡಿಯೊಂದಿತ್ತು. ಅದನ್ನು ತಂದು ಪಕ್ಕದ ಗೋಡೆಗೆ, ನೆಲಕ್ಕೆ ತಾಗುವಂತೆ ಒರಗಿಸಿದೆ. ಮೊದಲು ಸಿಕ್ಕವರು ಮೇಷ್ಟ್ರು. ಪೆಡಲು ತುಳಿದೆ, ಕಿವಿ ಗೀಟಿಗೆ ಬಂತು, ಕತ್ತರಿ ಎತ್ತಿದೆ, ಪಕ್ಕಕ್ಕೆ ನೋಡಿದೆ. ಕನ್ನಡಿಯಲ್ಲಿ ಯಾರೋ ತುದಿಗಾಲಲ್ಲಿ ನಿಂತಿದ್ದರು, ಅಟ್ಟದ ಮೇಲಿನ ಡಬ್ಬಿಗೆ ಕೈಚಾಚುವ ಮಗುವಿನ ಹಾಗೆ. ಹಿಮ್ಮಡಿ ಎರಡೂ ಗಾಳಿಯಲ್ಲಿ. ಆ ಯಾರೋ ನಾನೇ ಎಂದು ಒಪ್ಪಿಕೊಳ್ಳಲು ಒಂದು ಗಳಿಗೆ ಬೇಕಾಯಿತು. ಹಿಮ್ಮಡಿ ಊರಿದೆ. ಕೈ ಕೆಳಗಿಳಿಯಿತು, ಮೇಷ್ಟ್ರ ನೆತ್ತಿ ಎಲ್ಲೋ ಮೇಲೆ ಹೋಯಿತು.

ಆಗ ಗೀಟಿನ ಕಡೆ ನೋಡಿದೆ. ಅಪ್ಪ ಏಣಿಯಂಥ ಆಳು. ನಾನು ಅಮ್ಮನ ಹಾಗೆ ಗಿಡ್ಡಿ, ಅಪ್ಪನ ಭುಜದ ಹತ್ತಿರ ಮುಗಿದುಹೋಗುತ್ತೇನೆ. ಅವನು ತನ್ನ ಎತ್ತರಕ್ಕೆ ಹಾಕಿಕೊಂಡ ಗೀಟು ಅದು. ಕಸುಬಿಗೇ ಇರುವ ಗೀಟು ಅಂದುಕೊಂಡು ನಾನು ಇಷ್ಟು ಕಾಲ ದಿನವಿಡೀ ತುದಿಗಾಲಲ್ಲಿ ನಿಂತು ದುಡಿದಿದ್ದೆ, ಮೀನಖಂಡ ಹಗ್ಗದ ಹಾಗೆ ಬಿಗಿಯುವವರೆಗೆ. ಒಬ್ಬ ಗಿರಾಕಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ನಗು ಬಂತು, ಮೈಯೂ ಉರಿಯಿತು. ಕುರ್ಚಿ ಇಳಿಸಿದೆ.

"ಗೀಟು..." ಅಂದ ಅಪ್ಪ ಬೆಂಚಿನಿಂದ.

"ಗೀಟು ನಿಂದು, ಕಾಲು ನಂದು" ಅಂದೆ. ಅಪ್ಪ ಪೇಪರ್ ಹಿಂದೆ ಸರಿದ.

ಅಪ್ಪನ ಕಾಲದ ಕತ್ತಿ ಮಸೆಯುವ ಚರ್ಮದ ಪಟ್ಟಿ ಮೊಳೆಗೆ ನೇತುಬಿದ್ದಿತ್ತು. ಅದನ್ನು ಮನೆಗೆ ಒಯ್ದು ದಿಂಬಿನ ಪಕ್ಕ ಇಟ್ಟುಕೊಂಡೆ. ಎದ್ದ ಕೂಡಲೇ ಅಂಗಾಲಿಗೆ ಹಾಕಿ ಎಳೆಯುವುದು. ಹೊಸ ಶೂ ಬಂತು. ಕೂದಲು ಚುಚ್ಚಿತು, ಒದರಿದೆ. ಕೆಲವು ಬೆಳಿಗ್ಗೆ ಮೊಳೆ ಹೋಗಿ ಗುಂಡುಸೂಜಿಯಷ್ಟಾಯಿತು. ಆದರೆ ತಿಂಗಳು ಮುಗಿಯುವ ಹೊತ್ತಿಗೆ ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ ತಣ್ಣಗಾಗಲಿಲ್ಲ, ನಾನು ಒಂದು ಗುಟುಕು ನೀರಿಗೂ ಕೂರಲಿಲ್ಲ. ಮರುದಿನ ಬೆಳಿಗ್ಗೆ ಮೊಳೆ ಮತ್ತೆ ಹಾಜರು. ಅವತ್ತು ನನ್ನ ಧೈರ್ಯ ಕೈಕೊಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅಪ್ಪನಿಂದ ಬಂದ ಹಿಮ್ಮಡಿ, ಅಪ್ಪನಿಗೆ ಮಾಡಿದ್ದನ್ನೇ ನನಗೂ ಮಾಡುತ್ತದೆ ಅನ್ನಿಸಿತು.

"ನಾಳೆ ಕನ್ನಡಕದವರಿಗೆ ಹೂಂ ಅಂತೀನಿ" ಅಂದೆ ಅಂಗಡಿಗೆ ಬಂದವಳೇ.

ಅಪ್ಪ ಪೇಪರ್ ಮಡಚಿದ. "ಇನ್ನೊಂದ್ಸಲ ಯೋಚ್ನೆ ಮಾಡು."

"ಏನು ಯೋಚ್ನೆ ಮಾಡ್ಲಿ? ನಿನ್ನ ಕಾಲು ಕಣ್ಣೆದುರಿಗೇ ಇದೆಯಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಿರಾಕಿ ಬಂದರು.

ಮರುದಿನ ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಕನ್ನಡಕದವರು ಊಟ ಮುಗಿಸಿ ಬರುತ್ತೇನೆ ಅಂದಿದ್ದರು. ನಾನು ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಅಂಗಾಲಿನ ಕೆಳಗೆ ತಣ್ಣೀರಿನ ಬಾಟಲಿ ಉರುಳಿಸುತ್ತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಆ ಸೀಳು ಕನ್ನಡಿ ಕಾಣುತ್ತಿತ್ತು, ಕನ್ನಡಿಯೊಳಗೆ ಅಂಗಡಿಯ ನೆಲ, ಬೆಂಚಿನ ಅಡಿ, ಅಪ್ಪನ ಕಾಲು. ತಲೆ ತೊಳೆಯುವ ಬೇಸಿನ್ನಿನ ನಲ್ಲಿಯನ್ನು ನಾನು ನಿಲ್ಲಿಸದೇ ಬಂದಿದ್ದೆ. ಬೇಸಿನ್ನು ತುಂಬಿ ನೀರು ನೆಲಕ್ಕೆ ಸುರಿಯುವ ಸದ್ದಾಯಿತು. ಏಳಬೇಕು ಅನ್ನುವಷ್ಟರಲ್ಲಿ ಕನ್ನಡಿಯಲ್ಲಿ ಎರಡು ಕಾಲು ಬೆಂಚಿನ ಅಡಿಯಿಂದ ಹೊರಬಂದವು. ಹಿಮ್ಮಡಿ ಊರಿ, ಬೆರಳು ಒತ್ತಿ, ಸರಸರನೆ ಅಂಗಡಿಯನ್ನು ದಾಟಿದವು. ನಲ್ಲಿ ನಿಂತಿತು. ಕಾಲುಗಳು ಕುಕ್ಕರುಗಾಲಲ್ಲಿ ಕೂತು ನೆಲ ಒರೆಸಿದವು, ಎದ್ದವು, ಹಾಗೇ ಸರಸರನೆ ವಾಪಸ್ಸು ಹೋದವು. ಅಷ್ಟು ಹೊತ್ತೂ ಕೋಲು ಬೆಂಚಿಗೊರಗಿ ನಿಂತಿತ್ತು.

ಬಾಟಲಿ ಕಾಲ ಕೆಳಗಿನಿಂದ ಜಾರಿ ಉರುಳಿಹೋಯಿತು. ಹೊರಗೆ ಬಂದೆ.

"ಅಪ್ಪಾ, ಇನ್ನೊಂದ್ಸಲ ನಡಿ."

ಅವನ ಕೈ ಕೋಲಿಗೆ ಹೋಯಿತು.

"ಕೋಲು ಬೇಡ. ನಾನು ನೋಡ್ದೆ."

ಅಪ್ಪ ಸೀಳು ಕನ್ನಡಿಯ ಕಡೆ ನೋಡಿದ, ಚಾಡಿ ಹೇಳಿದ ನೆರೆಯವನನ್ನು ನೋಡುವ ಹಾಗೆ. ಕೈ ವಾಪಸ್ಸು ತೊಡೆಯ ಮೇಲೆ ಬಂತು.

"ಯಾವಾಗ ಹೋಯ್ತು ನೋವು?"

"ನೀನು ಕತ್ತರಿ ಹಿಡಿದ ಮುಂದಿನ ವರ್ಷಾನೇ. ಕೂತು ಕೂತೇ, ತಾನಾಗೇ ಹೋಯ್ತು."

ನನಗೆ ಬಂದದ್ದು ಸಿಟ್ಟು, ಬೇರೇನೂ ಅಲ್ಲ. ಇಷ್ಟು ವರ್ಷ ಅವನ ಕೋಲು ಎತ್ತಿ ಕೊಟ್ಟವಳು ನಾನು. ಅವನ ಜೊತೆ ಆಮೆಯಂತೆ ನಡೆದವಳು ನಾನು. ಅವನ ಕಾಲು ನೋಡಿಯೇ ಈ ನೋವಿಗೆ ಮದ್ದಿಲ್ಲ ಎಂದು ನಂಬಿ ಅಂಗಡಿ ಬಿಟ್ಟುಕೊಡಲು ಹೊರಟವಳೂ ನಾನೇ. "ಮತ್ತೆ ಈ ನಾಟಕ ಯಾಕೆ?" ಎಂದು ಕೂಗಿಯೇಬಿಟ್ಟೆ.

ಅಪ್ಪ ತಲೆ ಎತ್ತಲಿಲ್ಲ. "ಮೊದಮೊದ್ಲು ನಿನ್ನ ಕುರ್ಚೀಲಿ ಯಾರೂ ಕೂರ್ತಿರ್ಲಿಲ್ಲ, ನೆನಪಿದೆಯಾ? 'ಯಜಮಾನ್ರಿಗೆ ಬಿಡುವಾಗ್ಲಿ, ಕಾಯ್ತೀವಿ' ಅಂತಿದ್ರು. ನೀನು ಬಾಚಣಿಗೆ ಹಿಡ್ಕೊಂಡು ಸುಮ್ನೆ ನಿಂತಿರ್ತಿದ್ದೆ. ನಂಗೆ ನೋಡೋಕಾಗ್ತಿರ್ಲಿಲ್ಲ. ನಾನು ಕುಂಟಿ ಕೂತ್ಮೇಲೆ ಬೇರೆ ದಾರಿ ಇಲ್ದೆ ನಿನ್ನ ಹತ್ರ ಕೂತ್ರು. ಒಂದ್ಸಲ ಕೂತವರು ಮತ್ತೆ ಬಂದ್ರು. ನೋವು ಹೋಯ್ತು ಅಂತ ನಾನು ಎದ್ದು ನಿಂತಿದ್ರೆ ಎಲ್ಲಾ ಮತ್ತೆ ನನ್ನ ಕುರ್ಚಿಗೇ ಬರ್ತಿದ್ರು. ಇನ್ನೊಂದು ವರ್ಷ ಕುಂಟೋಣ ಅಂದ್ಕೊಂಡೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

"ನಿನ್ನೆಯಾದ್ರೂ ಹೇಳ್ಬೋದಿತ್ತಲ್ಲ!"

"ಬಾಯಿಗೆ ಬಂದಿತ್ತು. ಇವತ್ತು ಅವರು ಬಂದಾಗ ಎದ್ದು ನಿಂತು ಹೇಳೋಣ ಅಂತ ಕೂತಿದ್ದೆ. ಸುಳ್ಳು ಹೇಳಲ್ಲ, ನನ್ನ ಕುಂಟು ನಿನ್ನ ಅಂಗಡಿ ತಿನ್ನುತ್ತೆ ಅಂತ ಅಂದ್ಕೊಂಡಿರ್ಲಿಲ್ಲ ಮಗಳೇ."

ಆ ಮೊದಲ ದಿನಗಳು ನನಗೆ ಚೆನ್ನಾಗಿ ನೆನಪಿದ್ದವು. ಗಿರಾಕಿಗಳು ಬರತೊಡಗಿದ್ದು ನನ್ನ ಕೈಗುಣದಿಂದ ಎಂದು ಎಷ್ಟು ಜನರ ಮುಂದೆ ಜಂಬ ಕೊಚ್ಚಿಕೊಂಡಿದ್ದೆನೋ. ಅಪ್ಪ ಬೆಂಚಿನ ಮೇಲೆ ಕೂತು ಅದನ್ನೆಲ್ಲ ಕೇಳಿಸಿಕೊಂಡು ಪೇಪರ್ ಓದುತ್ತಿದ್ದ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಅಳು ಬಂತು. ಅವನ ಮುಂದೆ ಅಳಬಾರದೆಂದು ಟವೆಲಿನಲ್ಲಿ ಮುಖ ಒರೆಸಿಕೊಂಡೆ. ಟವೆಲಿನ ತುಂಬ ಕೂದಲಿತ್ತು, ಮುಖಕ್ಕೆಲ್ಲ ಅಂಟಿಕೊಂಡಿತು.

ಅಪ್ಪ ನನ್ನ ಮೀಸೆ ನೋಡಿ ನಕ್ಕುಬಿಟ್ಟ. "ಬಾ, ಕೂತ್ಕೋ. ಕಟಿಂಗ್ ಶಾಪಿನವಳ ತಲೆ ಅಂದ್ರೆ ಯಾರೂ ನಂಬಲ್ಲ, ಹಾಗಿದೆ."

ಕೂತೆ. ಅವನು ಬಟ್ಟೆ ಕೊಡವಿ ಕುತ್ತಿಗೆಗೆ ಕಟ್ಟಿದ, ಪೆಡಲು ತುಳಿದ. ನನ್ನ ಕಿವಿ ಗೀಟಿಗೆ ಬಂತು. ಮೊದಲು ಕತ್ತರಿ ಸ್ವಲ್ಪ ತಡವರಿಸಿತು, ಆಮೇಲೆ ಹಳೆಯ ಲಯ ಹಿಡಿಯಿತು. ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳಿದೆ. ಇನ್ನೂ ಒಂದು ತಿಂಗಳೋ, ಆರು ತಿಂಗಳೋ, ಆ ಚರ್ಮದ ಪಟ್ಟಿಯನ್ನು ಎಳೆಯುತ್ತಲೇ ಇರುತ್ತೇನೆ ಅಂದುಕೊಂಡೆ. ಹೋಗುವ ನೋವು ಇದು. ಹೋಗಿದ್ದಕ್ಕೆ ಸಾಕ್ಷಿ ನನ್ನ ಹಿಂದೆಯೇ ನಿಂತಿತ್ತು.

ಕನ್ನಡಕದವರು ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅಪ್ಪ ಆಗಲೂ ನಿಂತೇ ಇದ್ದ.

"ಯಜಮಾನ್ರು ಎದ್ಬಿಟ್ಟಿದ್ದಾರೆ!"

"ಎದ್ಬಿಟ್ರು" ಅಂದೆ. "ಗೋಡೆ ಅಲ್ಲೇ ಇರ್ಲಿ ಬಿಡಿ. ನಾನೆಲ್ಲೂ ಹೋಗಲ್ಲ."

ಅವರು ಒಂದು ನಿಟ್ಟುಸಿರು ಬಿಟ್ಟರು. "ಹೋಗ್ಲಿ ಬಿಡಿ. ಗೋಡೆ ಬಿದ್ಮೇಲೆ ತಲೆ ಎಲ್ಲಿ ಕೊಡೋದು ಅಂತ ನಂಗೂ ಯೋಚ್ನೆ ಆಗಿತ್ತು." ಕೂದಲ ಮೇಲೆ ಕೈಯಾಡಿಸಿದರು. "ಬಂದಿದ್ದೀನಿ, ಇವತ್ತೇ ಮುಗಿಸ್ಕೊಂಡು ಹೋಗ್ತೀನಿ."

ಅಪ್ಪ ನನ್ನ ಕುತ್ತಿಗೆಯ ಬಟ್ಟೆ ಬಿಚ್ಚಿ, ಒಂದು ಸಲ ಕೊಡವಿ, ಎರಡನೆಯ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದ. ಎಷ್ಟೋ ವರ್ಷದ ಮೇಲೆ ಅವನ ದನಿಯಲ್ಲಿ ಹಳೆಯ ಗತ್ತು ಕೇಳಿತು. "ಬನ್ನಿ ಬನ್ನಿ, ನಾನೇ ಮಾಡ್ತೀನಿ."

ಅವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಹೋಗಿ ಬೆಂಚಿನ ಮೇಲೆ ಅಪ್ಪನ ಜಾಗದಲ್ಲಿ ಕೂತರು. ಪೇಪರ್ ಬಿಡಿಸಿದರು.

"ಪರ್ವಾಗಿಲ್ಲ ಯಜಮಾನ್ರೇ" ಅಂದರು. "ಅಮ್ಮನಿಗೆ ಬಿಡುವಾಗ್ಲಿ, ಕಾಯ್ತೀನಿ."

ನಾನು ಅಪ್ಪನ ಮುಖ ನೋಡಲಿಲ್ಲ. ಸೀಳು ಕನ್ನಡಿಯಲ್ಲಿ ಅವನ ಕಾಲು ನೋಡಿದೆ. ಹಿಮ್ಮಡಿ ಎರಡೂ ನೆಲಕ್ಕೆ ಊರಿ ನಿಂತಿದ್ದ, ಬಟ್ಟೆಯನ್ನು ಸುಮ್ಮನೆ ಮತ್ತೆ ಮತ್ತೆ ಕೊಡವುತ್ತಿದ್ದ.